ಎಂಟು ಮನೆಗಳಲ್ಲಿ ಒಂದು ಲೇತ್

ಜೂನ್ 2, 2013, ಭಾನುವಾರ

ಇಂದಿನಿಂದ ನನ್ನ ಬದುಕು ಸಮತೋಲನದಲ್ಲಿರುತ್ತದೆ.

ಜಾಲಹಳ್ಳಿ ಕ್ರಾಸಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಯಾರೋ ಕಿರುಹೊತ್ತಿಗೆ ಹಂಚುತ್ತಿದ್ದರು. ಹದಿನಾರು ಪುಟ, ಹಸಿರು ಮುಖಪುಟ. ಬದುಕಿಗೆ ಎಂಟು ಕ್ಷೇತ್ರಗಳಿವೆ, ಎಂಟರಲ್ಲೂ ಗುರಿ ಇಟ್ಟುಕೊಳ್ಳದವರ ಬಾಳು ಒಂದೇ ಕಡೆ ಸವೆದ ಚಪ್ಪಲಿಯ ಹಾಗೆ ಎಂದು ಅದರಲ್ಲಿದೆ. ನಾನು ಕಿರುಹೊತ್ತಿಗೆಗಳನ್ನು ಕಣ್ಣು ಮುಚ್ಚಿ ನಂಬುವವಳಲ್ಲ. ನನ್ನ ಟ್ರಂಕಿನಲ್ಲಿ ನಲವತ್ತೊಂದು ಇವೆ. ಕಾರ್ಮಿಕ ಸಂಘದವು, ವಿಜ್ಞಾನದವು, ಮಹಿಳೆಯರ ಹಕ್ಕಿನವು, ಉಚಿತ ಕಾನೂನು ನೆರವಿನವು, ಬರೀ ನೀರು ಕುಡಿದು ರೋಗ ಓಡಿಸುವುದು ಒಂದು. ಎಲ್ಲವನ್ನೂ ಪೆನ್ಸಿಲ್ ಹಿಡಿದೇ ಓದಿದ್ದೇನೆ. ಇದರಲ್ಲೂ ಎರಡು ಕಡೆ ತಿದ್ದಿದೆ. ಮೊದಲ ಕ್ಷೇತ್ರ 'ಸಂಪತ್ತು' ಎಂದಿತ್ತು. ಹೊಡೆದುಹಾಕಿ 'ಸಮಾಜ' ಎಂದು ಬರೆದೆ. 'ವೃತ್ತಿಯಲ್ಲಿ ಮೇಲೇರುವುದು' ಎಂದಿದ್ದಲ್ಲಿ 'ಕೆಲಸ' ಎಂದಷ್ಟೇ ಉಳಿಸಿದೆ.

ದೊಡ್ಡ ಹಾಳೆಯಲ್ಲಿ ಎಂಟು ಮನೆ ಗೀಚಿ ಗೋಡೆಗೆ ಅಂಟಿಸಿದ್ದೇನೆ: ದೇಹ, ಓದು, ಕುಟುಂಬ, ಸ್ನೇಹ, ಕೆಲಸ, ಸಮಾಜ, ಪ್ರಕೃತಿ, ನಗು. ಒಂದೊಂದಕ್ಕೂ ವಾರಕ್ಕೆ ಎರಡು ಗಂಟೆ. ಹೆಚ್ಚಿಲ್ಲ, ಕಡಿಮೆ ಇಲ್ಲ. ಪಾಳಿ ಮುಗಿದ ಮೇಲೂ ಕೆಲಸಕ್ಕೆ ಎರಡು ಗಂಟೆಗಿಂತ ಹೆಚ್ಚು ಕೊಡುವುದೆಂದರೆ ಶೋಷಣೆಗೆ ನಾವೇ ಮಣೆ ಹಾಕಿ ಕೂರಿಸಿದಂತೆ.

ಶೈಲಕ್ಕ ರೊಟ್ಟಿ ಬಡಿಯುತ್ತಲೇ ತಲೆ ಎತ್ತಿ ಓದಿದಳು. "ನಗಾಕೂ ಎರಡು ತಾಸು ಬೇಕೇನ ಸವೂ? ನಿನ್ನ ಒಮ್ಮೆ ನೋಡಿದ್ರ ನಂದು ವಾರದ್ದೆಲ್ಲಾ ಮುಗೀತೈತಿ ನೋಡು."

ಅವಳು ಗಾರ್ಮೆಂಟ್ಸಿನಲ್ಲಿ ದಿನಕ್ಕೆ ನೂರಾರು ಕಾಲರು ಹೊಲಿಯುತ್ತಾಳೆ. ಭಾವ ಬೇಗೂರಿನ ಕಟ್ಟಡವೊಂದರಲ್ಲಿ ಗಾರೆ ಕೆಲಸ, ತಿಂಗಳಿಗೊಮ್ಮೆ ಬರುತ್ತಾನೆ. ಹೀಗೆ ಒಂದೇ ಕಡೆ ಸವೆಯುತ್ತಿರುವವರಿಗೇ ಗುರಿಗಳು ಹೆಚ್ಚು ಬೇಕು ಎಂದು ವಿವರಿಸಿದೆ. ಎಂಟು ನಿಮಿಷ. 'ಕುಟುಂಬ'ದಲ್ಲಿ ಬರೆದುಕೊಂಡೆ.

ಜೂನ್ 10, ಸೋಮವಾರ

ಮುಂದೆ ಯಾರಾದರೂ ಪೀಣ್ಯದ ಹೆಣ್ಣುಮಕ್ಕಳ ಚರಿತ್ರೆ ಬರೆದರೆ ಬೇಕಾದೀತು, ಅದಕ್ಕೇ ಇಂದಿನದನ್ನು ವಿವರವಾಗಿ ಬರೆಯುತ್ತೇನೆ.

ನಮ್ಮದು ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದ ಒಂದು ಸಣ್ಣ ಕಾರ್ಖಾನೆ, ಇಪ್ಪತ್ತಮೂರು ಜನ. ನೀರಿನ ಪಂಪಿಗೆ ಹಾಕುವ ಉಕ್ಕಿನ ಶಾಫ್ಟ್ ತಯಾರಾಗುತ್ತದೆ. ನಾನು ಕೊಪ್ಪಳದಲ್ಲಿ ಐಟಿಐ ಟರ್ನರ್ ಪಾಸಾದವಳು. ಲೇತ್, ಅಂದರೆ ಉಕ್ಕು ಕಡೆಯುವ ಯಂತ್ರ, ಓಡಿಸಲು ಬಂದವಳನ್ನು ಎರಡು ವರ್ಷದಿಂದ ತಪಾಸಣೆ ಮೇಜಿಗೆ ಕೂರಿಸಿ, ಬೇರೆಯವರು ಮಾಡಿದ್ದನ್ನು ಅಳೆಯಲು ಹಚ್ಚಿದ್ದಾರೆ.

ದೊಡ್ಡ ಲೇತಿನ ಹನುಮಯ್ಯನವರು ಸೆಪ್ಟೆಂಬರ್ ಮೂವತ್ತಕ್ಕೆ ನಿವೃತ್ತರಾಗುತ್ತಾರೆ. ಸೂಪರ್‌ವೈಸರ್ ಪ್ರಸನ್ನ ಸಾರ್ ಊಟದ ಹೊತ್ತಿನಲ್ಲಿ, "ಮುಂದೆ ಆ ಮೆಷಿನ್ ಬಸಲಿಂಗ ನೋಡ್ಕೊಳ್ತಾನೆ ಬಿಡಿ" ಎಂದರು. ಬಸಲಿಂಗ ಬಾಗಲಕೋಟೆ ಕಡೆಯವನು, ಶಾಫ್ಟಿನ ಅಂಚು ಉಜ್ಜುತ್ತಾನೆ. ನಾನು ಡಬ್ಬಿ ಮುಚ್ಚಿ ಎದ್ದು ನಿಂತೆ. ಅವಕಾಶ, ಅರ್ಹತೆ, ಸಂವಿಧಾನ, ಮೂರರ ಮೇಲೂ ಮಾತಾಡಿದೆ.

ಪ್ರಸನ್ನ ಸಾರ್ ಅನ್ನ ಆರುವುದನ್ನೇ ನೋಡುತ್ತಿದ್ದರು. "ಓಕೆ ಸವಿತಾ, ಓಕೆ. ಸೆಪ್ಟೆಂಬರ್ ಲಾಸ್ಟ್ ವೀಕ್ ಟೆಸ್ಟ್ ಇಡೋಣ. ಇಬ್ರೂ ಒಂದೊಂದು ಶಾಫ್ಟ್ ಮಾಡಿ. ಯಾರ್ದು ಡ್ರಾಯಿಂಗ್ ಪ್ರಕಾರ ಬರತ್ತೋ ಅವರಿಗೆ ಮೆಷಿನ್. ಈಗ ಊಟ ಮಾಡ್ಲಾ?"

ಕೈ ತೊಳೆಯುವಾಗ ಬಸಲಿಂಗ ಹೇಳಿದ, "ಹದಿಮೂರು ನಿಮಿಷ ಮಾತಾಡಿದ್ರಿ ಅಕ್ಕಾರ. ನಡುವ ಒಂದ್ಸಲಾನೂ ಉಸುರು ತಗೊಳ್ಳಲಿಲ್ಲ. ಈಜಾಕ ಹೋಗ್ರಿ ನೀವು."

ಒಂದು ಮಾತು ಸ್ಪಷ್ಟವಾಗಿರಲಿ. ಆ ಲೇತಿನ ಮೇಲೆ ನನಗೆ ವೈಯಕ್ತಿಕ ಆಸೆ ಏನೂ ಇಲ್ಲ. ಇದು ದುಡಿಯುವ ಮಹಿಳೆಯರೆಲ್ಲರ ಪ್ರಶ್ನೆ. ನನ್ನ ಬದಲು ಬೇರೆ ಯಾವ ಹೆಣ್ಣುಮಗಳಿಗೆ ಸಿಕ್ಕರೂ ನನಗೆ ಇಷ್ಟೇ ತೃಪ್ತಿ.

ಜೂನ್ 13, ಗುರುವಾರ

ಹನುಮಯ್ಯನವರು ಪೀಣ್ಯದ ಹಳೇ ಊರಿನವರು. ಕಾರ್ಖಾನೆ ಇರುವ ಜಾಗದಲ್ಲೇ ಅವರ ತಂದೆ ರಾಗಿ ಬೆಳೆಯುತ್ತಿದ್ದರಂತೆ. ಇಂದು ಮೇಜಿನ ಹತ್ತಿರ ಬಂದು, "ಪಾಳಿ ಬಿಟ್ಟ ಮ್ಯಾಕೆ ದಿನಾ ಒಂದು ಗಂಟೆ ನಿಂತ್ಕೊಳವ್ವ, ಯೋಳ್ಕೊಡ್ತೀನಿ. ಬಸಲಿಂಗಂಗೂ ಅಂಗೇ ಯೋಳಿವ್ನಿ" ಎಂದರು.

ನನ್ನ ಹಾಳೆಯ ವಿಷಯ ತಿಳಿಸಿದೆ. ಕೆಲಸಕ್ಕೆ ವಾರಕ್ಕೆ ಎರಡೇ ಗಂಟೆ ಇರುವುದರಿಂದ ಮಂಗಳವಾರ, ಗುರುವಾರ ಮಾತ್ರ ಬರಬಲ್ಲೆ.

"ನಾನೇನು ಆಸ್ಪತ್ರೆ ಡಾಕ್ಟ್ರಾ, ವಾರಕ್ಕೆರಡು ದಿನ ಬಾಗ್ಲು ತೆಗ್ಯಾಕೆ?"

"ಅಕ್ಕಾರು ಬ್ಯಾಡ ಅಂದ ತಾಸು ನನಗ ಕೊಡ್ರಿ ಯಜಮಾನ್ರ" ಎಂದ ಬಸಲಿಂಗ.

ಕೊಡಲಿ. ಸಮತೋಲನ ಗೊತ್ತಿಲ್ಲದವನ ಗೆಲುವು ಗೆಲುವಲ್ಲ.

ಜೂನ್ 18, ಮಂಗಳವಾರ

ಮೊದಲ ಪಾಠ. ಲೇತ್ ಚಾಲೂ ಮಾಡಲು ಬಿಡಲೇ ಇಲ್ಲ. ಗಂಟೆ ಪೂರ್ತಿ ಉಕ್ಕು ಕೊಯ್ಯುವ ಟೂಲನ್ನು ಸಾಣೆಕಲ್ಲಿಗೆ ಹಿಡಿಸಿದರು. ಇದನ್ನು ಐಟಿಐಯಲ್ಲಿ ಕಲಿತಿದ್ದೇನೆ ಎಂದೆ.

"ಅಲ್ಲಿ ಪಾಸಾಗಾಕೆ ಕಲ್ತೆ. ಇಲ್ಲಿ ಕಬ್ಣ ಕುಯ್ಯಾಕೆ ಕಲ್ತ್ಕೊ."

ಕಲಿಯುವವರನ್ನು ಹೀಗೆ ಕಾಯಿಸುವುದು ಊಳಿಗಮಾನ್ಯ ಪದ್ಧತಿ. ಅದನ್ನು ಅವರಿಗೂ ಹೇಳಿದೆ. "ಆಯ್ತು, ಕೈ ಅಲ್ಲಾಡಿಸ್ಬ್ಯಾಡ" ಎಂದರು.

ಕಿಡಿಯ ಬಗ್ಗೆ ಮಾತ್ರ ಬರೆದಿಡಬೇಕು. ಒತ್ತಿ ಹಿಡಿದರೆ ಕಿಡಿ ಮುದ್ದೆಮುದ್ದೆಯಾಗಿ ಬೀಳುತ್ತದೆ, ಟೂಲಿನ ತುದಿ ನೀಲಿಗಟ್ಟಿ ಕೆಡುತ್ತದೆ. ಹಗುರಾಗಿ ಹಿಡಿದರೆ ಸಣ್ಣ ಸಣ್ಣ ಎಳೆಗಳು ಒಂದೇ ದಿಕ್ಕಿಗೆ ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತವೆ. ಹಗುರ ಎಂದರೆ ಎಷ್ಟು ಎನ್ನುವುದು ಯಾವ ಪುಸ್ತಕದಲ್ಲೂ ಇಲ್ಲ. ಇಪ್ಪತ್ತು ಸಲ ಹಿಡಿದಾಗ ಎರಡು ಸಲ ಬಂತು.

ಜೂನ್ 27, ಗುರುವಾರ

ಇಂದು ನಲವತ್ತು ನಿಮಿಷ ಹೆಚ್ಚಾಯಿತು. ನನ್ನ ತಪ್ಪಲ್ಲ, ಶಾಫ್ಟು ಅರ್ಧಕ್ಕೆ ಬಂದಿತ್ತು. ಬಸ್ಸಿನಲ್ಲಿ ಯೋಚಿಸುತ್ತ ಬಂದೆ. ಕೆಲಸದ ಮನೆ ತುಂಬಿದೆ. ಆದರೆ ಲೇತಿನ ಮುಂದೆ ನಿಂತೇ ಇರಬೇಕು, ಬೆನ್ನು ನೆಟ್ಟಗಿರಬೇಕು, ತೋಳಿಗೆ ವ್ಯಾಯಾಮ. ನಲವತ್ತು ನಿಮಿಷವನ್ನು 'ದೇಹ'ದಲ್ಲಿ ಬರೆದೆ.

ಜುಲೈ 7, ಭಾನುವಾರ

ತಿಂಗಳ ಪರಿಶೀಲನೆ. ಫಲಿತಾಂಶ ನಿರೀಕ್ಷೆಗಿಂತ ಚೆನ್ನಾಗಿದೆ. ಹನುಮಯ್ಯನವರೊಡನೆ ಶಾಫ್ಟಿನ ಡ್ರಾಯಿಂಗ್ ಓದಿದ್ದು 'ಓದು'. ಅವರ ಅನುಭವ ಕೇಳಿಸಿಕೊಂಡದ್ದು 'ಸ್ನೇಹ'. ಕಾರ್ಖಾನೆಯ ಹಿತ್ತಲಲ್ಲಿ, ಹೊಂಗೆ ಮರದ ಕೆಳಗೆ ನಿಂತು ಟೂಲಿನ ಕೋನದ ಬಗ್ಗೆ ಚರ್ಚಿಸಿದ್ದು 'ಪ್ರಕೃತಿ'. ಬಸಲಿಂಗ ಲೇತಿನಲ್ಲಿ ಕಬ್ಬಿಣ ಕಚ್ಚಿ ಹಿಡಿಯುವ ಚಕ್‌ಗೆ ಶಾಫ್ಟು ಬಿಗಿಮಾಡದೆ ಚಾಲೂ ಮಾಡಿ, ಅದು ಟಣ್ಣೆಂದು ಹಾರಿ ಪ್ರಸನ್ನ ಸಾರ್ ಟೀ ಲೋಟವನ್ನು ಉರುಳಿಸಿದ್ದು 'ನಗು', ಹತ್ತು ನಿಮಿಷ.

'ಕೆಲಸ'ದ ಮನೆಯಲ್ಲಿ ನಿಯಮದಂತೆ ಎರಡೇ ಗಂಟೆ. ಹೆಮ್ಮೆಯಾಯಿತು. ದಿನಾ ಹೋದರೂ ಸಮತೋಲನ ಕೆಡುವುದಿಲ್ಲ ಎಂದು ಇದರಿಂದ ಸಾಬೀತಾಗುತ್ತದೆ. ನಾಳೆಯಿಂದ ದಿನಾ ಹೋಗುತ್ತೇನೆ.

ಜುಲೈ 23, ಮಂಗಳವಾರ

ಇಂದು ಬಂತು.

ಕೊನೆಯ ಸುತ್ತು, ಕೂದಲೆಳೆಯಷ್ಟೇ ತೆಗೆಯಬೇಕು. ಹನುಮಯ್ಯನವರು ದೀಪ ಆರಿಸಿ, "ನೋಡ್ಬ್ಯಾಡ, ಕೇಳು" ಎಂದರು. ಇಲ್ಲಿಯವರೆಗೆ ಟೂಲು ಕಬ್ಬಿಣವನ್ನು ಕೆರೆಯುತ್ತಿತ್ತು. ಇಂದು ಅದರ ಸದ್ದು ಒಮ್ಮೆಲೇ ತಗ್ಗಿ, ಸೀರೆಯ ಅಂಚನ್ನು ಯಾರೋ ನಿಧಾನವಾಗಿ ಹರಿಯುತ್ತಿರುವಂತೆ ಆಯಿತು. ಚೂರು ಪುಡಿಯಾಗಲಿಲ್ಲ, ಒಂದೇ ಉದ್ದನೆ ಸುರುಳಿಯಾಗಿ ಇಳಿಯಿತು, ಬೆಳ್ಳಿಯ ಬಣ್ಣ, ತುದಿಯಲ್ಲಿ ಹುಲ್ಲಿನ ಹಳದಿ. ದೀಪ ಹಾಕಿದರು. ಶಾಫ್ಟಿನಲ್ಲಿ ನನ್ನ ಮುಖ ಉದ್ದಕ್ಕೆ ಕಾಣುತ್ತಿತ್ತು. "ಊಂ" ಎಂದರು. ಅಷ್ಟೇ. ಬಸಲಿಂಗ ಉಜ್ಜುವುದನ್ನು ನಿಲ್ಲಿಸಿ ಬಂದು ಮುಟ್ಟಿ ನೋಡಿ, ಏನೂ ಚೇಷ್ಟೆ ಮಾಡದೆ ವಾಪಸು ಹೋದ.

ಸುರುಳಿಯನ್ನು ಕಾಗದದಲ್ಲಿ ಸುತ್ತಿ ತಂದಿದ್ದೇನೆ. ಅಧ್ಯಯನಕ್ಕೆ.

ಆಗಸ್ಟ್ 11, ಭಾನುವಾರ

ನಡೆದದ್ದನ್ನು ನಿಷ್ಪಕ್ಷಪಾತವಾಗಿ ಬರೆಯುತ್ತೇನೆ.

ಬೆಳಿಗ್ಗೆ ಹನುಮಯ್ಯನವರ ಮನೆಗೆ ಹೋಗಿದ್ದೆ. ಅವರು ಸ್ವಂತದ ಟೂಲುಗಳನ್ನು ಹಳೇ ಬಿಸ್ಕತ್ತು ಡಬ್ಬದಲ್ಲಿ ಎಣ್ಣೆ ಬಟ್ಟೆ ಸುತ್ತಿ ಇಟ್ಟಿದ್ದಾರೆ. ಒಂದೊಂದಕ್ಕೂ ಒಂದು ಕಥೆ. ಅವರ ಹೆಂಡತಿ ಗಂಗಮ್ಮನವರು, "ನನ್ ಮದ್ವೆ ಸೀರೇನ ಇಂಗೆ ಸುತ್ತಿಟ್ಟಿದ್ರೆ ಇನ್ನೂ ಇರ್ತಿತ್ತು ಕಣವ್ವ" ಎಂದು ಮುದ್ದೆ ಬಡಿಸಿದರು. ಹಿರಿಯ ಕಾರ್ಮಿಕರ ಭೇಟಿಯಾದ್ದರಿಂದ ಇದು 'ಸಮಾಜ'.

ಐದು ಗಂಟೆಗೆ ರಾಜಗೋಪಾಲನಗರದ ನಮ್ಮ ಮನೆಗೆ ಬಂದಾಗ ಶೈಲಕ್ಕ ಹಳದಿ ಸೀರೆ ಉಟ್ಟು, ಚೀಲ ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲಲ್ಲಿ ಕೂತಿದ್ದಳು. ಚೀಲದಲ್ಲಿ ಚಪಾತಿ, ಶೇಂಗಾ ಚಟ್ನಿ, ನೀರಿನ ಬಾಟಲಿ. ಲಾಲ್‌ಬಾಗಿನ ಹೂವಿನ ಪ್ರದರ್ಶನಕ್ಕೆ ಇಂದು ಕರೆದುಕೊಂಡು ಹೋಗುತ್ತೇನೆಂದು ನಾನೇ ಹೇಳಿದ್ದೆ. ಹಾಳೆಯಲ್ಲೂ ಇದೆ, 'ಕುಟುಂಬ' ಮತ್ತು 'ಪ್ರಕೃತಿ' ಎರಡರಲ್ಲೂ. ಬೆಂಗಳೂರಿಗೆ ಬಂದು ನಾಲ್ಕು ವರ್ಷವಾದರೂ ಅವಳು ಲಾಲ್‌ಬಾಗ್ ನೋಡಿಲ್ಲ.

ಉದ್ದೇಶಪೂರ್ವಕವಲ್ಲ ಎಂದು ಹೇಳಿದೆ. ಮುಂದಿನ ವಾರ ಎರಡು ಗಂಟೆ ಹೆಚ್ಚುವರಿ ಕೊಡುತ್ತೇನೆ ಎಂದೂ ಹೇಳಿದೆ.

"ನಿನ್ನ ತಾಸು ನೀನ ಇಟ್ಕೊ" ಎಂದಳು.

ಆಗಸ್ಟ್ 13, ಮಂಗಳವಾರ

ಅಕ್ಕ ಮಾತಾಡುತ್ತಿಲ್ಲ. ಮನೆ ಇಷ್ಟು ನಿಶ್ಶಬ್ದವಾಗಿದ್ದರೆ ಓದಲು ಅನುಕೂಲ ಎಂದು ಹಿಂದೆ ಅನ್ನಿಸುತ್ತಿತ್ತು. ಒಂದು ಪುಟವೂ ಸಾಗಲಿಲ್ಲ.

ಆಗಸ್ಟ್ 15, ಗುರುವಾರ

ನಿನ್ನೆ ಪಾಳಿಯ ನಂತರ, ಮೂಲೆಯಲ್ಲಿ ಬಿದ್ದಿದ್ದ ನೈಲಾನ್ ಸರಳಿನ ತುಂಡನ್ನು ಕೇಳಿಕೊಂಡು ಲೇತಿಗೆ ಹಾಕಿದೆ. ನಡುವೆ ದಪ್ಪ, ಎರಡೂ ತುದಿ ಸಣ್ಣ. ಲಟ್ಟಣಿಗೆ. ರಾತ್ರಿ ಊಟದ ತಟ್ಟೆಯ ಪಕ್ಕ ಇಟ್ಟೆ. ಅಕ್ಕ ತಿರುಗಿಸಿ ತಿರುಗಿಸಿ ನೋಡಿದಳು.

"ಇದೇನವಾ, ಪೊಲೀಸರ ಲಾಠಿನ?"

"ಚಪಾತಿ ಲಟ್ಟಸಾಕ. ಎರಡೂ ತುದಿ ಒಂದ ಅಳತಿ ಅದಾವ. ಕೂದಲಷ್ಟೂ ಫರಕ ಇಲ್ಲ."

"ಚಪಾತಿಗೆ ಕೂದಲಿನ ಲೆಕ್ಕ ಯಾಕ? ಮನಷ್ಯಾರ ಲೆಕ್ಕ ಇಟ್ಟಿದ್ರ ಸಾಕಿತ್ತು." ಆದರೆ ಮಾತಾಡಿದಳು.

ಇಂದು ರಜೆ. ಲಾಲ್‌ಬಾಗಿಗೆ ಹೋದೆವು. ಹೂವಿಗಿಂತ ತಲೆಗಳೇ ಹೆಚ್ಚು. ಅಕ್ಕ ಒಂದು ನೇರಳೆ ಹೂವಿನ ಮುಂದೆ ನಿಂತು, ಈ ಬಣ್ಣದ ಕಾಲರು ಬಂದ ದಿನ ಹೊಲಿಗೆಯ ದಾರವೇ ಕಣ್ಣಿಗೆ ಕಾಣುವುದಿಲ್ಲ ಎಂದು ಬೈದಳು. ತಿಪಟೂರಿನಿಂದ ಬಂದ ಒಂದು ಕುಟುಂಬಕ್ಕೆ ನಮ್ಮ ಚಪಾತಿ ಕೊಟ್ಟು ಅವರ ಕೋಡುಬಳೆ ತಿಂದೆವು. ಬಸ್ಸಿನಲ್ಲಿ ಅವಳು ನನ್ನ ಹೆಗಲಿಗೆ ಒರಗಿ ಪೀಣ್ಯ ಬರುವವರೆಗೂ ನಿದ್ದೆ ಹೋದಳು. ಎಷ್ಟು ಗಂಟೆಯಾಯಿತೋ ನೋಡಲಿಲ್ಲ.

ಸೆಪ್ಟೆಂಬರ್ 8, ಭಾನುವಾರ

ಅಕ್ಕ ಗೋಡೆಯ ಹಾಳೆಯನ್ನು ಇಂದು ನಿಧಾನವಾಗಿ ಓದಿದಳು. ಕೈಯಲ್ಲಿ ಪೊರಕೆ ಇತ್ತು.

"ಸವೂ, ಎಂಟು ಮನ್ಯಾಗೂ ಒಬ್ಬನ ಬಾಡಿಗಿದಾರ ಕುಂತಾನಲ್ಲವಾ."

"ಯಾರು?"

"ಲೇತ್. 'ದೇಹ'ದಾಗ ಲೇತ್. 'ಓದಿ'ನ್ಯಾಗ ಲೇತ್. 'ಪ್ರಕೃತಿ'ಯಾಗ, ಹೊಂಗಿ ಗಿಡದ ಬುಡಕ್ಕ ಲೇತ್. 'ನಗು'ದಾಗ ಏನೈತಿ ನೋಡು, 'ಹನುಮಯ್ಯನವರು ಲೇತಿಗೆ ಗೌರಿ ಎಂದು ಹೆಸರಿಟ್ಟಿದ್ದಾರೆ, ಆರು ನಿಮಿಷ'. ಪಾಪ, 'ಕೆಲಸ'ದ ಮನ್ಯಾಗ ಮಾತ್ರ ಅವಂಗ ಎರಡ ತಾಸು."

ವಿಷಯ ಅಷ್ಟು ಸರಳವಲ್ಲ, ವರ್ಗೀಕರಣಕ್ಕೆ ತಾತ್ವಿಕ ಆಧಾರವಿದೆ ಎಂದೆ.

"ಬೇಕು ಅಂದ್ರ ಬೇಕು ಅನ್ನವಾ. ಯಾರು ಹೊಡೀತಾರ?"

ವೈಯಕ್ತಿಕ ಆಸೆಯ ಪ್ರಶ್ನೆಯೇ ಅಲ್ಲ ಎಂದು ಮೂರು ಅಂಶಗಳಲ್ಲಿ ವಿವರಿಸಿದೆ. ಎರಡನೆಯದರಲ್ಲಿದ್ದಾಗ ಅವಳು ಕಸ ಗುಡಿಸುತ್ತ ಹೊರಗೆ ಹೋದಳು.

ಸೆಪ್ಟೆಂಬರ್ 23, ಸೋಮವಾರ

ಗುರುವಾರ ಪರೀಕ್ಷೆ. ಒಂದು ಗಂಭೀರ ತೊಡಕು ಹೊಳೆಯಿತು: ನಮ್ಮಲ್ಲಿ ಶಾಫ್ಟು ಅಳೆಯುವವಳು ನಾನೇ. ನನ್ನದನ್ನು ನಾನೇ ಅಳೆದು ಪಾಸು ಮಾಡುವುದು ಯಾವ ನ್ಯಾಯ? ಕಾನೂನು ನೆರವಿನ ಕಿರುಹೊತ್ತಿಗೆ ತೆಗೆದು ನೋಡಿ, ಪ್ರಸನ್ನ ಸಾರ್‌ಗೆ ಒಂದು ಪುಟದ ಪತ್ರ ಕೊಟ್ಟೆ. ಎರಡೂ ಶಾಫ್ಟನ್ನು ಅವರೇ ಅಳೆಯಬೇಕು. ಹನುಮಯ್ಯನವರು ಇಬ್ಬರಿಗೂ ಗುರುವಾದ್ದರಿಂದ ದೂರ ನಿಲ್ಲಬೇಕು. ಅಳೆಯುವಾಗ ಅಭ್ಯರ್ಥಿಗಳು ಒಂದು ಮಾತನ್ನೂ ಆಡಕೂಡದು.

ಪ್ರಸನ್ನ ಸಾರ್ ಕೂಡಲೇ ಸಹಿ ಹಾಕಿದರು. ಮೂರನೆಯ ಅಂಶ ಅವರಿಗೆ ಬಹಳ ಹಿಡಿಸಿತು.

"ಸುಮ್ನಿರೂ ನಿಯಮ ನೀವ ಮಾಡಿದ್ರೇನ್ರಿ?" ಎಂದ ಬಸಲಿಂಗ. "ನಿಮಗ ಉಪವಾಸ ಮಾಡಿದಂಗ ಆಗ್ತೈತಿ."

ಸೆಪ್ಟೆಂಬರ್ 26, ಗುರುವಾರ

ಪರೀಕ್ಷೆ ಮುಗಿಯಿತು, ಕ್ರಮವಾಗಿ ಬರೆಯುತ್ತೇನೆ.

ಬಸಲಿಂಗ ಮೊದಲು, ನಾನು ಆಮೇಲೆ. ದಪ್ಪ ಇಪ್ಪತ್ತೈದು ಮಿಲಿಮೀಟರ್ ಮೀರಬಾರದು, ಅದಕ್ಕಿಂತ ಒಂದು ಮಿಲಿಮೀಟರಿನ ನೂರರಲ್ಲಿ ಎರಡು ಪಾಲು, ನಮ್ಮ ಮಾತಿನಲ್ಲಿ ಎರಡು ಪಾಯಿಂಟ್, ಕಡಿಮೆಯವರೆಗೆ ನಡೆಯುತ್ತದೆ. ಕೊನೆಯ ಸುತ್ತಿನಲ್ಲಿ ನಾನು ಸದ್ದನ್ನಷ್ಟೇ ಕೇಳಿದೆ. ಬಂತು. ಶಾಫ್ಟು ಇಳಿಸುವಾಗಲೇ ಗೊತ್ತಿತ್ತು.

ಪ್ರಸನ್ನ ಸಾರ್ ದಪ್ಪ ಅಳೆಯುವ ಮೈಕ್ರೋಮೀಟರ್ ಕೈಗೆತ್ತಿಕೊಂಡರು. ಅದರ ತುದಿಯಲ್ಲಿ ಸಣ್ಣದೊಂದು ಗುಬುಟು ಇರುತ್ತದೆ. ಅದನ್ನು ಹಿಡಿದು ತಿರುಗಿಸಬೇಕು. ಸಾಕಾದಾಗ ಅದೇ ಟಿಕ್ ಟಿಕ್ ಎಂದು ಜಾರುತ್ತದೆ. ಸಾರ್ ಅದನ್ನು ಮುಟ್ಟಲೇ ಇಲ್ಲ. ದಪ್ಪ ಹಿಡಿಯನ್ನೇ ಹಿಡಿದು, ನಲ್ಲಿ ಬಿಗಿಮಾಡುವಂತೆ ಹಲ್ಲು ಕಚ್ಚಿ ತಿರುಗಿಸಿದರು. ಹಾಗೆ ಹಿಂಡಿದರೆ ಯಾವ ಶಾಫ್ಟೂ ಇರುವುದಕ್ಕಿಂತ ಸಣ್ಣದಾಗಿಯೇ ಕಾಣುತ್ತದೆ.

"ಬಸಲಿಂಗಂದು ಓಕೆ. ಸವಿತಾದು... ಸಣ್ಣ ಆಗಿದೆ. ಮೂರು ಪಾಯಿಂಟ್ ಕಡಿಮೆ. ರಿಜೆಕ್ಟ್."

ದೂರದಲ್ಲಿ ಹನುಮಯ್ಯನವರು ಕೆಮ್ಮಿದರು. ಅವರು ನನ್ನ ಎರಡನೆಯ ಅಂಶಕ್ಕೆ ಬದ್ಧರಾಗಿ ಕಂಬದ ಹತ್ತಿರ ನಿಂತಿದ್ದರು. ನಾನು ನನ್ನ ಮೂರನೆಯ ಅಂಶಕ್ಕೆ ಬದ್ಧಳಾಗಿ ತುಟಿ ಕಚ್ಚಿದ್ದೆ. ಸಾರ್ ಪೆನ್ನು ತೆಗೆದು ಬಸಲಿಂಗನ ಹೆಸರು ಬರೆಯಲು ಶುರುಮಾಡಿದರು. 'ಬ' ಬರೆದರು.

"ಸಾರ್, ಅದನ್ನ ಹಿಂಡಬೇಡಿ!"

"ಮಾತಾಡಂಗಿಲ್ಲ ಅಲ್ವಾ? ರೂಲ್ ನಿಮ್ದೇ ಸವಿತಾ. ಸೈನ್ ಬೇರೆ ಮಾಡಿಸ್ಕೊಂಡಿದೀರ."

"ರೂಲ್ ತಪ್ಪು ಸಾರ್. ನಾನೇ ತಪ್ಪು ಬರೆದೆ. ನನಗ ಈ ಲೇತ್ ಬೇಕ್ರಿ."

ನಾನು ಹೇಳಹೊರಟದ್ದು ಅಳತೆಯ ಕ್ರಮ ಮತ್ತು ಸಮಾನ ಅವಕಾಶದ ಬಗ್ಗೆ. ವಾಕ್ಯ ಯಾಕೋ ಅಲ್ಲಿಗೇ ನಿಂತುಬಿಟ್ಟಿತು. ಎಲ್ಲ ಮೆಷಿನ್‌ಗಳೂ ನಿಂತಿದ್ದವು.

ಹನುಮಯ್ಯನವರು ಕಂಬ ಬಿಟ್ಟು ಬಂದರು. "ನಿಂಬೆಣ್ಣಲ್ಲ ಸಾ ಅದು. ತುದೀಲಿರೋ ಗುಬುಟು ತಿರುಗ್ಸಿ. ಸಾಕಾದ್ರೆ ಅದೇ ಯೋಳ್ತದೆ."

ಸಾರ್ ಕಿವಿಯವರೆಗೂ ಕೆಂಪಾಗಿ ಮತ್ತೆ ಅಳೆದರು. ಟಿಕ್, ಟಿಕ್, ಟಿಕ್. ನನ್ನದು ಇಪ್ಪತ್ತೈದಕ್ಕೆ ನೂರರಲ್ಲಿ ಒಂದು ಪಾಲು ಕಡಿಮೆ. ಸರಿಯಾಗಿತ್ತು. ಬಸಲಿಂಗನದು ಒಂದು ಪಾಲು ಹೆಚ್ಚು.

"ದಪ್ಪ ಐತಂತ ನನಗ ಗೊತ್ತಿತ್ತು ಸಾರ್" ಎಂದ ಬಸಲಿಂಗ. "ಕೊನೀ ಸುತ್ತಿಗೆ ಕೈ ಅಂಜಿತು. ಹಿಂಡಿ ಪಾಸ್ ಮಾಡಿದ್ರಿ, ಬ್ಯಾಡ ಅನ್ನಾಕ ನಾನೇನು ಹುಚ್ಚ ಅದೀನ್ರಿ?" ಎಲ್ಲರೂ ನಕ್ಕರು. ಅವನು ನಗುತ್ತಲೇ ತನ್ನ ಶಾಫ್ಟನ್ನು ಬಹಳ ಹೊತ್ತು ಬಟ್ಟೆಯಿಂದ ಒರೆಸಿದ.

"ಮೆಷಿನ್ ನಿಮ್ದು ಸವಿತಾ. ಆದ್ರೆ ಇನ್ಸ್‌ಪೆಕ್ಷನ್‌ಗೆ ಈಗ ಯಾರು?" ಎಂದರು ಸಾರ್. ಬಸಲಿಂಗನ ಹೆಸರನ್ನು ನಾನೇ ಹೇಳಿದೆ. ತನ್ನ ತಪ್ಪು ತನಗೆ ಗೊತ್ತಾಗುವವನು ಬೇರೆಯವರದನ್ನು ಬಿಡುವುದಿಲ್ಲ.

ಮುಖ ತೊಳೆಯಲು ಹೋಗಿ ಸ್ವಲ್ಪ ಹೊತ್ತು ಅಲ್ಲೇ ಇದ್ದೆ. ಕಣ್ಣಿಗೆ ಲೇತಿನ ಎಣ್ಣೆ ಸಿಡಿದಿತ್ತು.

ಸೆಪ್ಟೆಂಬರ್ 30, ಸೋಮವಾರ

ಹನುಮಯ್ಯನವರಿಗೆ ಹಾರ, ಶಾಲು, ಫೋಟೊ. ಪ್ರಸನ್ನ ಸಾರ್ ಭಾಷಣ. ನನಗೂ ಮಾತಾಡಲು ಹೇಳಿದರು. ಎರಡು ಪುಟ ಬರೆದುಕೊಂಡು ಹೋಗಿದ್ದೆ. "ನಮಸ್ಕಾರ" ಎಂದು ಕೂತುಬಿಟ್ಟೆ. ಬಸಲಿಂಗ ನೀರು ತಂದುಕೊಟ್ಟ.

ಎಲ್ಲರೂ ಹೋದ ಮೇಲೆ ಹನುಮಯ್ಯನವರು ಹಾರ ತೆಗೆದು ಗೌರಿಯ ಹ್ಯಾಂಡಲಿಗೆ ಹಾಕಿ, "ಎಡಗಡೆ ಹ್ಯಾಂಡಲ್ ಕಾಲು ಸುತ್ತು ಸುಳ್ಳು ಯೋಳ್ತದೆ, ತಿರುಗ್ಸಿದ್ರೂ ಟೂಲು ಕದಲಾಕಿಲ್ಲ. ನೆಪ್ಪಿರ್ಲಿ" ಎಂದರು. ಚಪ್ಪಲಿ ಮೆಟ್ಟಿ ಹೊರಟರು. ಗೇಟಿನವರೆಗೆ ಹೋಗಿ ತಿರುಗಿ ಬಂದರು. "ಮಳೆಗಾಲದಾಗೆ ಅರ್ಧ ಸುತ್ತು."

ಅಕ್ಟೋಬರ್ 1, ಮಂಗಳವಾರ

ಮೊದಲ ಶಾಫ್ಟು ಅಳತೆಗೆ ಕೊಟ್ಟೆ. ಬಸಲಿಂಗ ಅಂಗಿಯ ಗುಂಡಿ ಕತ್ತಿನವರೆಗೂ ಹಾಕಿಕೊಂಡು, ತಲೆಗೆ ನೀರು ಹಚ್ಚಿ ಬಾಚಿಕೊಂಡು ಕೂತಿದ್ದ. ಗುಬುಟು ತಿರುಗಿಸಿದ. ಟಿಕ್, ಟಿಕ್, ಟಿಕ್. "ದಪ್ಪ ಐತ್ರಿ ಅಕ್ಕಾರ. ವಾಪಸ್ ನಡೀರಿ."

ಸರಿಯಾಗಿ ನೋಡು ಎಂದೆ. ಮತ್ತೆ ನೋಡಿದ. "ಈಗೂ ದಪ್ಪನ ಐತಿ. ಹದಿಮೂರು ನಿಮಿಷ ಮಾತಾಡಿದ್ರೂ ಸಣ್ಣ ಆಗೂದಿಲ್ಲ."

ದಪ್ಪವೇ ಇತ್ತು. ಹ್ಯಾಂಡಲ್ ಸುಳ್ಳು ಹೇಳಿತ್ತು. ಎರಡನೆಯದೂ ವಾಪಸು. ಮೂರನೆಯದು ಗೀರುಬಿದ್ದದ್ದಕ್ಕೆ ವಾಪಸು. ನಾಲ್ಕನೆಯದನ್ನು ಅವನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುವಾಗ ನನಗೆ ಬಹಳ ಸಿಟ್ಟು ಬಂತು. ಮೊನ್ನೆ ಹೀಗೆ ನೋಡುವುದನ್ನು ಅವನಿಗೆ ಕಲಿಸಿದವಳು ನಾನೇ. ಅದೂ ವಾಪಸು.

ಐದನೆಯದನ್ನು ಅಳೆದ. ತಿರುಗಿಸಿ ಇನ್ನೊಂದು ಕಡೆ ಅಳೆದ. ಎಣ್ಣೆ ಬಟ್ಟೆಯಿಂದ ಒರೆಸಿ ಪಾಸಾದವನ್ನು ಇಡುವ ಬಲಗಡೆಯ ತಟ್ಟೆಯಲ್ಲಿಟ್ಟು, ಮುಂದಿನದಕ್ಕೆ ಕೈ ಚಾಚಿದ. ಅದು ಇನ್ನೂ ಲೇತಿನ ಚಕ್‌ನಲ್ಲೇ ಇತ್ತು.

ಓಡಿದೆ.